ಕಂಪ್ಯೂಟರ್ ಕಷ್ಟ-ಸುಖ: ಮದುವೆ ಫೋಟೋಗಳಿಗೆ ಬಿದ್ದ ಬೀಗ

ಮಳೆಗಾಲದಲ್ಲಿ ಗೋಣಿಕೊಪ್ಪದ ನನ್ನ ಅಂಗಡಿಗೆ ಬರುವುದೆಲ್ಲ ಸಿಡಿಲಿಗೆ ಸುಟ್ಟ ಮೋಡೆಮ್, ತೇವ ಹಿಡಿದ ಕೀಬೋರ್ಡ್. ಮಳೆ ನಿಂತು ಮದುವೆಗಳು ಶುರುವಾದ ಮೇಲೆ, ಕಾಫಿ ಕೊಯ್ಲಿನ ಲೆಕ್ಕ ಶುರುವಾದ ಮೇಲೆ, ಬೇರೆ ಥರದ ಕೇಸುಗಳು ಬರುತ್ತವೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ರ‍್ಯಾನ್ಸಮ್‌ವೇರ್ ಬಗ್ಗೆ. ಅಂದರೆ ನಮ್ಮ ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳುವ ವೈರಸ್. ಪ್ರಿಂಟರ್ ಮತ್ತು ವೈಫೈ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದೇ.

ಪ್ರಶ್ನೆ: ಅಕ್ಕಾ, ನಾನು ಮದುವೆ ಫೋಟೋ ತೆಗೆಯುವವನು. ಮೊನ್ನೆ ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದರೆ ಎಲ್ಲಾ ಫೋಟೋಗಳ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಹೊಸದಾಗಿ ಸೇರಿಕೊಂಡಿವೆ. ಒಂದೂ ಓಪನ್ ಆಗುತ್ತಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮಿ ಅಂತ ಒಂದು ಟೆಕ್ಸ್ಟ್ ಫೈಲು. 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ 490 ಅಂತ ಬರೆದಿದೆ. ಹಿಂದಿನ ದಿನ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್ (ದುಡ್ಡು ಕೊಡದೆ ಓಡಿಸುವ ಕಳ್ಳ ಪ್ರತಿ) ಹಾಕಿದ್ದೆ. ತಮ್ಮ ಫೈಲಿನ ಹೆಸರು ಬದಲಿಸಿ ನೋಡಿದ, ಆಗಲಿಲ್ಲ. ಫಾರ್ಮ್ಯಾಟ್ ಮಾಡಿಬಿಡಲಾ? ಎರಡು ಮದುವೆಯ ಆಲ್ಬಂ ಬಾಕಿ ಇದೆ. – ಫೋಟೋಗ್ರಾಫರ್, ವಿರಾಜಪೇಟೆ

ಉತ್ತರ: ಫಾರ್ಮ್ಯಾಟ್ ಮಾಡಬೇಡಿ. ತಮ್ಮನಿಗೂ ಸುಮ್ನೆ ಕೂರಲು ಹೇಳಿ. ನಿಮ್ಮ ಫೋಟೋಗಳು ಎಲ್ಲಿಗೂ ಹೋಗಿಲ್ಲ. ಅದೇ ಡಿಸ್ಕಿನಲ್ಲಿವೆ, ಬಹುಪಾಲು ಕೆಡದೆ ಇವೆ.

ನಾಲ್ಕು ಅಕ್ಷರದ ಬಾಲ, ರೀಡ್‌ಮಿ ಚೀಟಿ, 980 ಮತ್ತು 490 ಡಾಲರ್, ಹಿಂದಿನ ದಿನದ ಕ್ರ್ಯಾಕ್. ಇಷ್ಟೂ ಸೇರಿದರೆ ಅದು ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ಜಾತಿ. ಬಾಲದ ಅಕ್ಷರಗಳು ಬದಲಾಗುತ್ತಲೇ ಇರುತ್ತವೆ, ನೂರಾರು ಬಗೆ ಬಂದಿವೆ. ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ದೊಡ್ಡ ಕಂಪನಿಗಳ ಹಿಂದೆ ಬೀಳುವ ಗ್ಯಾಂಗ್ ಇದಲ್ಲ. ಪುಕ್ಕಟೆ ಸಾಫ್ಟ್‌ವೇರ್ ಹುಡುಕುವ ನಮ್ಮ-ನಿಮ್ಮಂಥವರೇ ಇದರ ಗಿರಾಕಿಗಳು. ಕ್ರ್ಯಾಕ್ ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಅಲ್ಲೇ ಸೂಚನೆ ಇರುತ್ತದೆ. ನಾವೇ ಆಫ್ ಮಾಡಿ ಒಳಗೆ ಕರೆಯುತ್ತೇವೆ. ಬೀಗ ಹಾಕುವಷ್ಟು ಹೊತ್ತು ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಎಂಬ ಸುಳ್ಳು ಪರದೆಯನ್ನೂ ಅದು ತೋರಿಸುತ್ತದೆ. ನೋಡಿದವರು ಕಾಫಿ ಕುಡಿದು ಬರೋಣ ಅಂತ ಎದ್ದು ಹೋಗುತ್ತಾರೆ.

ಈ ವೈರಸ್‌ಗೆ ಭಾರಿ ಅವಸರ. ಅದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ನಿಮ್ಮ ಹತ್ತಿರ ಎಂಟೆಂಟು ಎಂಬಿಯ ಫೋಟೋಗಳು ಸಾವಿರಗಟ್ಟಲೆ ಇರುತ್ತವೆ. ಒಂದೊಂದನ್ನೂ ಪೂರ್ತಿ ಓದಿ, ಕಲಸಿ, ಮತ್ತೆ ಬರೆಯುತ್ತಾ ಕೂತರೆ ತುಂಬಾ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ನೋಡಿ ಸ್ವಿಚ್ ತೆಗೆದರೆ? ಅದಕ್ಕೇ ಪ್ರತಿ ಫೈಲಿನ ಮೊದಲ 150 ಕೆಬಿಯನ್ನು ಮಾತ್ರ ಕಲಸುತ್ತದೆ. ಅದರಲ್ಲೂ ಮೊದಲ 5 ಬೈಟ್ ಮುಟ್ಟುವುದಿಲ್ಲ. ಕಲಸಲು ಬಳಸುವುದು ಸಾಲ್ಸಾ20 ಎಂಬ ಸೈಫರ್, ಅಂದರೆ ಕಲಸುವ ಸೂತ್ರ. ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್ 2005ರಲ್ಲಿ ಮಾಡಿದ ಒಳ್ಳೆಯ ಕೆಲಸ, ಕಳ್ಳರ ಕೈಗೂ ಸಿಕ್ಕಿದೆ. ಆಮೇಲೆ ಫೈಲಿನ ಕೊನೆಗೆ 334 ಬೈಟ್ ಅಂಟಿಸುತ್ತದೆ. ಅದರಲ್ಲಿ 256 ಬೈಟ್ ತಾನೇ ಬೀಗದೊಳಗಿರುವ ಕೀ, 40 ನಿಮ್ಮ ಐಡಿ, 38 ಅದರದ್ದೇ ಗುರುತಿನ ಸಾಲು.

ಇದನ್ನು ಕಣ್ಣಾರೆ ನೋಡಬಹುದು. ಬೀಗ ಬಿದ್ದ ಒಂದು ಫೋಟೋದ ಕಾಪಿ ಮಾಡಿ, ಎಚ್‌ಎಕ್ಸ್‌ಡಿ ಎಂಬ, ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಉಚಿತ ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಶುರುವಿನಲ್ಲಿ ಎಫ್‌ಎಫ್, ಡಿ8, ಎಫ್‌ಎಫ್, ಇ1 ಅಂತ ಇರುತ್ತದೆ. ಕ್ಯಾಮೆರಾದ ಜೆಪೆಗ್ ಫೋಟೋ ಶುರುವಾಗುವುದೇ ಹಾಗೆ. ಸರಿಯಾದ ಫೋಟೋ ಆದರೆ ಅದರ ಪಕ್ಕದಲ್ಲೇ ಎಕ್ಸಿಫ್ ಎಂಬ ಅಕ್ಷರಗಳು, ಸ್ವಲ್ಪ ಕೆಳಗೆ ಕ್ಯಾಮೆರಾ ಕಂಪನಿಯ ಹೆಸರು ಓದಲು ಸಿಗುತ್ತವೆ. ನಿಮ್ಮದರಲ್ಲಿ ಐದನೇ ಬೈಟ್ ದಾಟಿದ ಕೂಡಲೇ ಬರೀ ಕಸ. ಹಾಗೇ ಫೈಲಿನ ಕಟ್ಟಕಡೆಗೆ ಹೋಗಿ. ಹೂವಿನ ಬ್ರಾಕೆಟ್ ಒಳಗೆ 36ಎ698ಬಿ9 ಅಂತ ಶುರುವಾಗುವ ಸಾಲು ಇದ್ದರೆ ಬೇರೆ ಸಾಕ್ಷಿಯೇ ಬೇಡ, ಇದೇ ವೈರಸ್. ಮಧ್ಯದ್ದೆಲ್ಲ ನಿಮ್ಮ ಫೋಟೋನೇ.

ಹಾಗಾದರೆ ವಾಪಸ್ ತೆಗೆಯುವುದು ಹೇಗೆ? ಹೋದ 150 ಕೆಬಿಯಲ್ಲಿ ಫೋಟೋದ ಹೆಡರ್ (ಚಿತ್ರವನ್ನು ಹೇಗೆ ಓದಬೇಕು ಎಂದು ಹೇಳುವ ಶುರುವಿನ ಭಾಗ) ಮತ್ತು ಚಿತ್ರದ ಮೊದಲ ಕೆಲವು ಸಾಲುಗಳಿದ್ದವು. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಬೀಗ ಬೀಳದ ಒಂದು ಫೋಟೋ ಕೊಟ್ಟರೆ, ಜೆಪೆಗ್ ರಿಪೇರಿ ಟೂಲ್‌ಗಳು ಅದರ ಹೆಡರ್ ತೆಗೆದು ಇದಕ್ಕೆ ಜೋಡಿಸುತ್ತವೆ. ಮೇಲಿನ ಅಂಚಿನಲ್ಲಿ ಸಣ್ಣ ಪಟ್ಟಿ ಹೋಗುತ್ತದೆ. ಮದುವೆ ಹಾಲಿನ ಸೀರಿಯಲ್ ಲೈಟು ಹೋದರೆ ಹೋಗಲಿ, ಬಾಳೆ ಕಡಿಯುವ ಭಾವನ ಕೈ ಇರುತ್ತದಲ್ಲ. ಕ್ಯಾಮೆರಾ ಲಂಬ ಹಿಡಿದು ತೆಗೆದವು ಮಾತ್ರ ಅಡ್ಡಡ್ಡ ಮಲಗಿಕೊಂಡು ಬರುತ್ತವೆ. ತಿರುಗಿಸು ಎಂದು ಹೇಳುವ ಗುರುತು ಎಕ್ಸಿಫ್ ಎಂಬ ಫೋಟೋ ಮಾಹಿತಿಯಲ್ಲಿ ಇತ್ತು, ಅದು ಹೋಯಿತು. ಅವುಗಳಲ್ಲಿ ಪಟ್ಟಿ ಹೋಗುವುದು ಮೇಲಿನಿಂದ ಅಲ್ಲ, ಪಕ್ಕದಿಂದ. ಕೆಲವಕ್ಕೆ ನೀಲಿಯೋ ಹಸಿರೋ ಛಾಯೆ ಕೂರುತ್ತದೆ. ಜೆಪೆಗ್‌ನಲ್ಲಿ ಪ್ರತಿ ಚೌಕದ ಬಣ್ಣವನ್ನು ಹಿಂದಿನ ಚೌಕಕ್ಕಿಂತ ಎಷ್ಟು ಜಾಸ್ತಿ-ಕಮ್ಮಿ ಅಂತ ಬರೆದಿರುತ್ತಾರೆ. ಮೊದಲ ಚೌಕಗಳೇ ಹೋದಾಗ ಲೆಕ್ಕ ಅಲ್ಲಿಂದ ತಪ್ಪುತ್ತದೆ. ಬಣ್ಣ ಸರಿಪಡಿಸುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ವೀಡಿಯೋಗಳಿಗೆ ಮೀಡಿಯಾ ರಿಪೇರಿ ಎಂಬ ಉಚಿತ ಟೂಲ್ ಇದೆ, ಇದೇ ವೈರಸ್‌ಗಾಗಿ ಮಾಡಿದ್ದು. ದೊಡ್ಡ ಜಿಪ್ ಫೈಲುಗಳಲ್ಲಿ ಮೊದಲಿನ ಒಂದೆರಡು ಹೋಗಿ ಉಳಿದವು ಸಿಗುವುದುಂಟು. ಪೂರ್ತಿ ಹೋಗುವುದು ಸಣ್ಣ ಫೈಲುಗಳು. 40 ಕೆಬಿಯ ಬಿಲ್ಲು, ನುಡಿಯಲ್ಲಿ ಟೈಪ್ ಮಾಡಿದ ಕರಾರು ಪತ್ರ, ಇವು 150 ಕೆಬಿಯೊಳಗೇ ಮುಗಿದು ಹೋಗುತ್ತವಲ್ಲ.

ಇನ್ನೊಂದು ದಾರಿ ಎಂಸಿಸಾಫ್ಟ್ ಕಂಪನಿಯ ಉಚಿತ ಡಿಕ್ರಿಪ್ಟರ್, ಅಂದರೆ ಬೀಗ ತೆಗೆಯುವ ಟೂಲ್, 2019ರ ಅಕ್ಟೋಬರ್‌ನಲ್ಲಿ ಬಂದದ್ದು. ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ನಿಮ್ಮ ಚೀಟಿಯಲ್ಲೇ ಸುಳಿವಿದೆ. ಸಿ ಡ್ರೈವ್‌ನಲ್ಲಿ ಸಿಸ್ಟಮ್‌ಐಡಿ ಎಂಬ ಹೊಸ ಫೋಲ್ಡರ್ ಇರುತ್ತದೆ, ಅದರೊಳಗೆ ಪರ್ಸನಲ್‌ಐಡಿ ಎಂಬ ಫೈಲು. ಐಡಿಯ ಕೊನೆಗೆ ಟಿ1 ಅಂತ ಇದ್ದರೆ, ಬೀಗ ಹಾಕುವಾಗ ವೈರಸ್‌ಗೆ ತನ್ನ ಸರ್ವರ್ ಸಿಕ್ಕಿಲ್ಲ, ಜೊತೆಗೆ ತಂದಿದ್ದ ಒಂದೇ ಬೀಗವನ್ನು ಬಳಸಿದೆ ಎಂದರ್ಥ. ಆ ಬೀಗ ಎಷ್ಟೋ ಜನರಿಗೆ ಹಾಕಿದ್ದು ಒಂದೇ. ಯಾರಾದರೂ ಒಬ್ಬರಿಂದ ಅದರ ಕೀ ಎಂಸಿಸಾಫ್ಟ್‌ಗೆ ಸಿಕ್ಕಿದ್ದರೆ ನಿಮ್ಮದೂ ತೆರೆಯುತ್ತದೆ. ಕೊಡಗಿನಲ್ಲಿ ನೆಟ್ ಹೋಗುವುದಕ್ಕೆ ಬೈಯುತ್ತೇವಲ್ಲ, ಬೀಗ ಬೀಳುವ ಹೊತ್ತಿಗೆ ನೆಟ್ ಹೋಗಿದ್ದವರು ಆ ದಿನದ ಮಟ್ಟಿಗೆ ಪುಣ್ಯವಂತರು. ಐಡಿಯ ಕೊನೆಗೆ ಬೇರೆ ಅಕ್ಷರ ಇದ್ದರೆ ಆ ಡಿಕ್ರಿಪ್ಟರ್ ಹಿಡಿದು ದಿನಗಟ್ಟಲೆ ಕೂರಬೇಡಿ, ರಿಪೇರಿಗೆ ಬನ್ನಿ.

ಅದಕ್ಕೆಲ್ಲ ಮೊದಲು ಒಂದು ಮಾತು. ಎಕ್ಸ್‌ಟರ್ನಲ್ ಡಿಸ್ಕ್ ಈಗ ಚುಚ್ಚಬೇಡಿ. ಟಾಸ್ಕ್ ಶೆಡ್ಯೂಲರ್ ತೆರೆದು ನೋಡಿ, ಟೈಮ್ ಟ್ರಿಗರ್ ಟಾಸ್ಕ್ ಅಂತ ಒಂದು ಕೂತಿರುತ್ತದೆ. ಅದು ವೈರಸ್ಸನ್ನು ಮತ್ತೆ ಮತ್ತೆ ಎಬ್ಬಿಸುತ್ತಲೇ ಇರುತ್ತದೆ. ಬ್ಯಾಕಪ್ ನೋಡೋಣ ಅಂತ ಡಿಸ್ಕ್ ಚುಚ್ಚಿದರೆ ಅದಕ್ಕೂ ಬೀಗ. ಹಾರ್ಡ್ ಡಿಸ್ಕ್ ಬಿಚ್ಚಿಸಿ, ಬೇರೆ ಶುದ್ಧ ಸಿಸ್ಟಮ್‌ನಲ್ಲಿ ಪೂರ್ತಿ ಕಾಪಿ ತೆಗೆಸಿ, ರಿಪೇರಿಯೆಲ್ಲ ಕಾಪಿಯ ಮೇಲೆ ಮಾಡಿಸಿ. ಕ್ಯಾಮೆರಾದ ಎಸ್‌ಡಿ ಕಾರ್ಡ್‌ಗಳನ್ನು ಇವತ್ತೇ ಎತ್ತಿಡಿ, ಮುಂದಿನ ಮದುವೆಗೆ ಹೊಸ ಕಾರ್ಡ್ ಕೊಳ್ಳಿ. ಕಾರ್ಡ್‌ನಿಂದ ಡಿಲೀಟ್ ಮಾಡಿದ ಫೋಟೋಗಳನ್ನು, ಅವುಗಳ ಮೇಲೆ ಹೊಸದು ಬರೆಯದಿದ್ದರೆ, ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಂ ಎತ್ತಿಕೊಡುತ್ತದೆ. ನಿಮ್ಮ ಎರಡು ಆಲ್ಬಂ ಅಲ್ಲೇ ಮುಗಿಯಬಹುದು.

ಕೊನೆಗೆ, ಫೋನಿನಿಂದ ನಿಮ್ಮ ಬ್ಯಾಂಕ್, ಇಮೇಲ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಎಲ್ಲ ಬದಲಿಸಿ. ಈ ಜಾತಿಯ ಜೊತೆಗೆ ಬ್ರೌಸರ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್ ಕದಿಯುವ ಇನ್ನೊಂದು ಕಳ್ಳನೂ ಬರುವುದುಂಟು.

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ವಿದ್ಯಾರ್ಥಿನಿ. ಬೀಗ ಹಾಕಿದ್ದು ಪ್ರೋಗ್ರಾಂ. ಆ ಪ್ರೋಗ್ರಾಂ ನಮ್ಮ ಕಂಪ್ಯೂಟರ್‌ನಲ್ಲೇ ಓಡಿದೆ. ಹಾಗಾದರೆ ಕೀ ಕೂಡ ನಮ್ಮ ಕಂಪ್ಯೂಟರ್‌ನಲ್ಲೇ ಇತ್ತಲ್ವಾ? ಯಾಕೆ ಹಿಡಿಯಲಾಗುವುದಿಲ್ಲ? – ಕುಶಾಲನಗರ

ಉತ್ತರ: ಈ ತಿಂಗಳ ಅತ್ಯುತ್ತಮ ಪ್ರಶ್ನೆ. ಇತ್ತು, ಖಂಡಿತ ಇತ್ತು. 1989ರಲ್ಲಿ ಜೋಸೆಫ್ ಪಾಪ್ ಎಂಬಾತ ಇಪ್ಪತ್ತು ಸಾವಿರದಷ್ಟು ಫ್ಲಾಪಿಗಳನ್ನು ಅಂಚೆಯಲ್ಲಿ ಹಂಚಿದ. ಏಡ್ಸ್ ಬಗ್ಗೆ ಮಾಹಿತಿ ಅಂತ ಹೇಳಿ ಕಳಿಸಿದ್ದು. ಕಂಪ್ಯೂಟರ್ 90 ಸಲ ಬೂಟ್ ಆದ ಮೇಲೆ ಅದು ಫೈಲುಗಳ ಹೆಸರು ಕಲಸಿ, ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಲು ಹೇಳುತ್ತಿತ್ತು. ಅದರಲ್ಲಿ ಹಾಕುವ ಕೀ, ತೆಗೆಯುವ ಕೀ ಒಂದೇ. ಪ್ರೋಗ್ರಾಂ ಬಿಚ್ಚಿ ನೋಡಿದವರಿಗೆ ಸಿಕ್ಕಿಬಿಟ್ಟಿತು.

1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ಇಬ್ಬರು ಸಂಶೋಧಕರು ಎಚ್ಚರಿಸಿದರು: ಕಳ್ಳರು ಪಬ್ಲಿಕ್ ಕೀ (ಬೀಗ ಹಾಕಲು ಮಾತ್ರ ಬರುವ, ತೆಗೆಯಲು ಬಾರದ ಕೀ) ಬಳಸಿದರೆ ಹೀಗೆ ಬಿಚ್ಚಿ ನೋಡಿದರೂ ಏನೂ ಸಿಗುವುದಿಲ್ಲ. ಆಮೇಲೆ ಆದದ್ದೂ ಅದೇ. ದೇವಸ್ಥಾನದ ಹುಂಡಿ ನೋಡಿದ್ದೀರಲ್ಲ. ಸೀಳಿನಲ್ಲಿ ಯಾರು ಬೇಕಾದರೂ ಹಾಕಬಹುದು, ತೆಗೆಯುವುದು ಕೀಲಿ ಇದ್ದವರು ಮಾತ್ರ. ವೈರಸ್ ಬರುವಾಗ ಕೀಲಿ ತರುವುದಿಲ್ಲ, ಖಾಲಿ ಹುಂಡಿ ತರುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಕೀ ಹುಟ್ಟಿಸಿ, ಫೈಲು ಕಲಸಿ, ಆ ಕೀಯನ್ನು ಹುಂಡಿಗೆ ಹಾಕಿ, ಹೊರಗಿರುವ ಪ್ರತಿಯನ್ನು ಮೆಮೊರಿಯಿಂದ ಅಳಿಸುತ್ತದೆ. ವಿರಾಜಪೇಟೆಯವರ ಫೋಟೋದ ಬಾಲದಲ್ಲಿದ್ದ 256 ಬೈಟ್ ಅದೇ ಹುಂಡಿ, ಆರ್‌ಎಸ್‌ಎ ಎಂಬ ಪಬ್ಲಿಕ್ ಕೀ ವಿಧಾನದ್ದು, 2048 ಬಿಟ್.

ಎಲ್ಲವನ್ನೂ ಆರ್‌ಎಸ್‌ಎಯಲ್ಲೇ ಯಾಕೆ ಕಲಸಬಾರದು ಅಂತ ಮುಂದಿನ ಪ್ರಶ್ನೆ ಕೇಳುತ್ತೀರಿ. ಅದು ಬಹಳ ನಿಧಾನ, ಕಳ್ಳನಿಗೆ ಅವಸರ. ಅದಕ್ಕೇ ಫೈಲಿಗೆ ಸಾಲ್ಸಾ ಅಥವಾ ಅಂಥದ್ದೇ ಎಇಎಸ್, ಕೀಗೆ ಆರ್‌ಎಸ್‌ಎ. ಒಡೆಯುವ ಮಾತಂತೂ ಬಿಡಿ. 2048 ಬಿಟ್ ಅಂದರೆ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದ 617 ಅಂಕಿಗಳ ಸಂಖ್ಯೆ. 2020ರಲ್ಲಿ ಸಂಶೋಧಕರು ಒಡೆದದ್ದು 250 ಅಂಕಿಗಳದ್ದು, ಅದಕ್ಕೇ ಸಾವಿರಾರು ಪ್ರೊಸೆಸರ್ ಕೋರ್‌ಗಳು ತಿಂಗಳುಗಟ್ಟಲೆ ದುಡಿದವು.

ಆದರೆ ಅಳಿಸುವ ಕೆಲಸದಲ್ಲೂ ಅವಸರ ಇರುತ್ತದೆ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್, ಕೀ ಹುಟ್ಟಿಸಲು ಬಳಸಿದ ಅವಿಭಾಜ್ಯ ಸಂಖ್ಯೆಗಳು ವಿಂಡೋಸ್ ಎಕ್ಸ್‌ಪಿಯ ಮೆಮೊರಿಯಲ್ಲಿ ಉಳಿದುಬಿಡುತ್ತಿದ್ದವು. ಆಡ್ರಿಯೆನ್ ಗಿನೆ ಎಂಬ ಫ್ರೆಂಚ್ ಸಂಶೋಧಕ ಅವುಗಳನ್ನು ಹೆಕ್ಕುವ ಟೂಲ್ ಬರೆದರು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದವರಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ತೋಟದಲ್ಲಿ ರೈಟರ್. ಚೆಕ್‌ರೋಲ್ (ಕೆಲಸದವರ ಹಾಜರಿ-ಸಂಬಳದ ಪಟ್ಟಿ) ಎಕ್ಸೆಲ್‌ನಲ್ಲಿದೆ, ಲೆಕ್ಕ ಟ್ಯಾಲಿಯಲ್ಲಿ. ಓನರ್ ಬೆಂಗಳೂರಿನಲ್ಲಿ ಕೂತು ರಿಮೋಟ್‌ನಲ್ಲಿ ನೋಡುತ್ತಾರೆ. ಅದಕ್ಕೆ ಕಂಪ್ಯೂಟರ್ ರಾತ್ರಿಯೂ ಆನ್. ಈಚೆಗೆ ರಾತ್ರಿ ಫ್ಯಾನ್ ಜೋರಾಗಿ ತಿರುಗುತ್ತದೆ ಅಂತ ವಾಚ್‌ಮನ್ ಹೇಳಿದ. ಬೀಗ ಬೀಳುವ ಮೊದಲೇ ಗೊತ್ತುಮಾಡಿಕೊಳ್ಳುವ ದಾರಿ ಇದೆಯಾ? – ಸಿದ್ದಾಪುರ

ಉತ್ತರ: ನಿಮ್ಮ ವಾಚ್‌ಮನ್‌ಗೆ ಒಂದು ಶಹಬ್ಬಾಸ್ ಹೇಳಿ. ಫ್ಯಾನ್ ಒಂದರಿಂದಲೇ ಏನೂ ಹೇಳಲಾಗದು. ಅಪ್‌ಡೇಟ್ ಇರಬಹುದು, ಆಂಟಿವೈರಸ್ ಸ್ಕ್ಯಾನ್ ಇರಬಹುದು. ಆದರೆ ರಾತ್ರಿ, ರಿಮೋಟ್, ಫ್ಯಾನ್ ಮೂರೂ ಸೇರಿದಾಗ ನನಗೆ ಅನುಮಾನ ಬರುತ್ತದೆ.

ಮೊದಲು ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸೆಕ್ಯೂರಿಟಿ. 4625 ಎಂಬ ನಂಬರ್‌ಗೆ ಫಿಲ್ಟರ್ ಹಾಕಿ. ಅದು ತಪ್ಪು ಪಾಸ್‌ವರ್ಡ್ ಹೊಡೆದವರ ಲೆಕ್ಕ. ಓನರ್ ಒಂದೆರಡು ಸಲ ತಪ್ಪು ಹೊಡೆದರೆ ಸಹಜ. ರಾತ್ರಿ ಎರಡು ಗಂಟೆಗೆ ನಿಮಿಷಕ್ಕೆ ಹತ್ತಾರರಂತೆ ಸಾಲುಗಟ್ಟಿದ್ದರೆ, ಎಲ್ಲೋ ಕೂತ ಯಂತ್ರ ನಿಮ್ಮ ಬಾಗಿಲು ತಟ್ಟುತ್ತಿದೆ. ಹೆಸರುಗಳನ್ನೂ ನೋಡಿ. ಅಡ್ಮಿನ್, ಟೆಸ್ಟ್, ಯೂಸರ್ ಅಂತ ನಿಮ್ಮಲ್ಲಿ ಇಲ್ಲದ ಹೆಸರುಗಳಿರುತ್ತವೆ. ಆಮೇಲೆ 4624 ಫಿಲ್ಟರ್ ಹಾಕಿ, ಲಾಗಾನ್ ಟೈಪ್ 10 ಅಂತ ಇರುವುದನ್ನು ನೋಡಿ. ಅದು ರಿಮೋಟ್‌ನಲ್ಲಿ ಒಳಗೆ ಬಂದವರ ಲೆಕ್ಕ. ಓನರ್ ಮಲಗಿದ್ದ ಹೊತ್ತಿನಲ್ಲಿ ಅಂಥದ್ದೊಂದು ಇದ್ದರೆ ಪತ್ರ ಬರೆಯಬೇಡಿ, ಕೇಬಲ್ ಕಿತ್ತು ಫೋನ್ ಮಾಡಿ. 1102 ಇದ್ದರೆ ಯಾರೋ ಲಾಗನ್ನೇ ಅಳಿಸಿದ್ದಾರೆ.

ಧರ್ಮಾ, ಫೋಬೋಸ್ ಎಂಬ ಜಾತಿಗಳು ಬರುವುದು ಹೆಚ್ಚಾಗಿ ಇದೇ ದಾರಿಯಲ್ಲಿ. ಧರ್ಮಾ! ಹೆಸರಿಟ್ಟವರ ಧೈರ್ಯ ನೋಡಿ. ಇಲ್ಲಿ ಬರುವುದು ಕ್ರ್ಯಾಕ್ ಅಲ್ಲ, ಮನುಷ್ಯ. ರೂಟರ್‌ನಲ್ಲಿ 3389 ಪೋರ್ಟ್, ಅಂದರೆ ರಿಮೋಟ್‌ನ ಬಾಗಿಲು, ತೆರೆದಿಟ್ಟ ಕಂಪ್ಯೂಟರ್ ಹುಡುಕಿ, ಪಾಸ್‌ವರ್ಡ್ ಊಹಿಸಿ ಒಳಗೆ ಬರುತ್ತಾನೆ. ಬಂದವನು ಮೊದಲು ಆಂಟಿವೈರಸ್ ಆಫ್ ಮಾಡುತ್ತಾನೆ. ಬ್ಯಾಕಪ್ ಎಲ್ಲಿದೆ ಅಂತ ಹುಡುಕುತ್ತಾನೆ. ವಿಎಸ್‌ಎಸ್‌ಅಡ್ಮಿನ್ ಎಂಬ ಕಮಾಂಡ್ ಕೊಟ್ಟು ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನು ಅಳಿಸುತ್ತಾನೆ. ಲೆಕ್ಕದ ಪ್ರೋಗ್ರಾಂ, ಡೇಟಾಬೇಸ್ ಮುಚ್ಚುತ್ತಾನೆ, ಯಾಕೆಂದರೆ ಅವು ಓಡುತ್ತಿದ್ದರೆ ಅವುಗಳ ಫೈಲು ಕೈಗೆ ಸಿಗುವುದಿಲ್ಲ. ಇಷ್ಟಾದ ಮೇಲೆ ಬೀಗ. ನಿಮಗೆ ಹಿಡಿಯಲು ಅವಕಾಶ ಇರುವುದು ಈ ನಡುವಿನ ಹೊತ್ತಿನಲ್ಲಿ. ಸಂಜೆ ತೆರೆದಿಟ್ಟಿದ್ದ ಟ್ಯಾಲಿ ಬೆಳಿಗ್ಗೆ ತಾನಾಗಿ ಮುಚ್ಚಿಕೊಂಡಿದೆ, ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್ ಆಫ್ ಆಗಿದೆ, ಕರೆಂಟ್ ಹೋಗಿರಲಿಲ್ಲ – ಹೀಗಿದ್ದರೆ ಇನ್ನು ಯೋಚಿಸುತ್ತಾ ಕೂರಬೇಡಿ.

ಬೀಗ ಬೀಳಲು ಶುರುವಾಗಿದ್ದರೆ ಫೋಲ್ಡರ್ ತೆರೆದು ಡೇಟ್ ಮಾಡಿಫೈಡ್ ಪ್ರಕಾರ ಜೋಡಿಸಿ. ಐದು ವರ್ಷದ ಹಿಂದಿನ ಚೆಕ್‌ರೋಲ್ ಇವತ್ತು ಬೆಳಗಿನ ಜಾವ 2 ಗಂಟೆ 14 ನಿಮಿಷಕ್ಕೆ ಬದಲಾಗಿದೆ ಎಂದು ತೋರಿಸಿದರೆ? ಸತ್ತ ಫೈಲನ್ನು ಆ ಹೊತ್ತಿನಲ್ಲಿ ಯಾವ ರೈಟರ್ ತೆರೆಯುತ್ತಾನೆ? ಅದರ ಮೇಲೆ-ಕೆಳಗೆ ನೂರಾರು ಫೈಲು ಅದೇ ನಿಮಿಷದವು ಇರುತ್ತವೆ. ಒಳ್ಳೆಯ ರಕ್ಷಣಾ ಸಾಫ್ಟ್‌ವೇರ್‌ಗಳು ಹಿಡಿಯುವುದೂ ಇದನ್ನೇ. ವೈರಸ್ಸಿನ ಮುಖ ದಿನಕ್ಕೊಂದು ಬದಲಾಗುತ್ತದೆ, ಅವಸರದ ನಡವಳಿಕೆ ಬದಲಾಗುವುದಿಲ್ಲ. ಓದು, ಬರೆ, ಹೆಸರು ಬದಲಿಸು, ಮುಂದಿನದು.

ಇನ್ನೊಂದು ಗುರುತು ಎಂಟ್ರೊಪಿ. ಫೈಲಿನೊಳಗೆ ಎಷ್ಟು ಗೊಂದಲ ಇದೆ ಎಂಬ ಅಳತೆ, ಬೈಟ್‌ಗೆ ಸೊನ್ನೆಯಿಂದ 8 ಬಿಟ್‌ವರೆಗೆ. ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರೆದು ಯೂನಿಕೋಡ್‌ನಲ್ಲಿ ಸೇವ್ ಮಾಡಿದರೆ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಇಲ್ಲವೇ ಬಿ3. ಹೆಕ್ಸ್‌ನಲ್ಲಿ ನೋಡಿದರೆ ಇ0 ಬಿ2, ಇ0 ಬಿ3 ಅಂತ ಪುಟಗಟ್ಟಲೆ ಸಾಲು. ಎಂಟ್ರೊಪಿ ಬಹಳ ಕಮ್ಮಿ. ಬೀಗ ಬಿದ್ದ ಕೂಡಲೇ ಆ ಸಾಲು ಮಾಯ, ಅಳತೆ 8ರ ಹತ್ತಿರ. ಆದರೆ ಇದೊಂದನ್ನೇ ನಂಬಲು ಆಗದು. ಜಿಪ್, ಜೆಪೆಗ್ ಫೈಲುಗಳ ಎಂಟ್ರೊಪಿ ಮೊದಲೇ ಜಾಸ್ತಿ. ಲಾಕ್‌ಬಿಟ್ ಎಂಬ ರ‍್ಯಾನ್ಸಮ್‌ವೇರ್‌ನ ಒಂದು ಆವೃತ್ತಿಯಂತೂ ಫೈಲಿನ ಮೊದಲ 4 ಕೆಬಿ ಮಾತ್ರ ಕಲಸಿ ಓಡುತ್ತಿತ್ತು. ಒಟ್ಟು ಫೈಲಿನ ಅಳತೆಯಲ್ಲಿ ಅದು ಕಾಣುವುದೇ ಇಲ್ಲ. ಅದಕ್ಕೆ ಆಮಿಷದ ಫೈಲು ಇಡುವ ಪದ್ಧತಿ ಇದೆ. ಯಾರೂ ಮುಟ್ಟಬಾರದ ಒಂದಷ್ಟು ಫೈಲುಗಳನ್ನು ಸಾಫ್ಟ್‌ವೇರ್ ಅಲ್ಲಲ್ಲಿ ಇಟ್ಟು ಕಾಯುತ್ತದೆ. ಮುಟ್ಟಿದ ಪ್ರೋಗ್ರಾಂ ಯಾವುದೋ ಅದನ್ನು ಅಲ್ಲೇ ನಿಲ್ಲಿಸುತ್ತದೆ.

ನಿಮ್ಮ ಮಟ್ಟಿಗೆ ಇವತ್ತೇ ಮಾಡಬೇಕಾದದ್ದು ಆ 3389 ಪೋರ್ಟನ್ನು ಮುಚ್ಚಿಸುವುದು. ಓನರ್‌ಗೆ ವಿಪಿಎನ್ (ಹೊರಗಿನವರಿಗೆ ಕಾಣದ ಖಾಸಗಿ ದಾರಿ) ಮೂಲಕ ಬರಲು ವ್ಯವಸ್ಥೆ ಮಾಡಿಸಿ. ಐದಾರು ಸಲ ತಪ್ಪು ಪಾಸ್‌ವರ್ಡ್ ಹೊಡೆದರೆ ಖಾತೆ ಸ್ವಲ್ಪ ಹೊತ್ತು ಲಾಕ್ ಆಗುವಂತೆ ಇಡಿಸಿ. ತೋಟದ ಹೆಸರಿನ ಜೊತೆ 123 ಸೇರಿಸಿದ ಪಾಸ್‌ವರ್ಡ್ ಇದ್ದರೆ, ಇದ್ದೇ ಇರುತ್ತದೆ, ಬದಲಿಸಿ.

ಪ್ರಶ್ನೆ: ನಮ್ಮ ಸಹಕಾರ ಸಂಘದಲ್ಲಿ ದುಡ್ಡು ಕೊಟ್ಟು ತಂದ ಆಂಟಿವೈರಸ್ ಇದೆ. ದಿನಾ ಬ್ಯಾಕಪ್ ಕೂಡ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋಗುತ್ತದೆ. ಇಷ್ಟು ಸಾಕಲ್ಲವೇ? – ಸಂಘದ ಕಾರ್ಯದರ್ಶಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಆ ಡಿಸ್ಕ್ ರಾತ್ರಿಯೂ ಕಂಪ್ಯೂಟರ್‌ಗೆ ಚುಚ್ಚಿಕೊಂಡೇ ಇರುತ್ತದಾ ಸಾರ್? ಇದ್ದರೆ ಅದು ಬ್ಯಾಕಪ್ ಅಲ್ಲ, ಬೀಗ ಬೀಳಲು ಕಾದಿರುವ ಇನ್ನೊಂದು ಡ್ರೈವ್. ಎರಡು ಡಿಸ್ಕ್ ಇಡಿ. ಒಂದು ವಾರ ಒಂದು, ಮುಂದಿನ ವಾರ ಇನ್ನೊಂದು. ಬ್ಯಾಕಪ್ ಆದ ಮೇಲೆ ಕಿತ್ತು ಬೀರುವಿಗೆ. ನಮ್ಮ ಕಡೆ ಸಿಡಿಲಿಗೆ ಹೆದರಿಯಾದರೂ ಹಾಗೆ ಮಾಡಬೇಕು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ಗೆ ಹಾಕಿ ಒಬ್ಬ ಸದಸ್ಯರ ಸಾಲದ ಲೆಕ್ಕ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಮೇಲೆ ನನಗೆ ನಂಬಿಕೆ ಇಲ್ಲ.

ಸಣ್ಣ ಸಂಘ, ನಮ್ಮ ಹತ್ತಿರ ಯಾರು ಬರುತ್ತಾರೆ ಅನ್ನಬೇಡಿ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಗೆ ರ‍್ಯಾನ್ಸಮ್‌ವೇರ್ ಬಡಿಯಿತು. ಹರಡದಿರಲಿ ಎಂದು, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕವನ್ನೇ ಕಡಿಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ವ್ಯವಹಾರ ನಿಂತಿತು. ಅವುಗಳಲ್ಲಿ ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ಗೆ ಬಡಿದಾಗ ದಿನಗಟ್ಟಲೆ ಎಲ್ಲವೂ ಕೈಬರಹದಲ್ಲಿ ನಡೆಯಿತು.

ವಿಂಡೋಸ್‌ನಲ್ಲೇ ಒಂದು ಕಾವಲು ಇದೆ, ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. 2017ರಿಂದ ಇದೆ, ಆದರೆ ಆಫ್ ಆಗಿಯೇ ಬರುತ್ತದೆ. ವಿಂಡೋಸ್ ಸೆಕ್ಯೂರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಹುಡುಕಿದರೆ ಸಿಗುತ್ತದೆ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಂ ನೀವು ಹೇಳಿದ ಫೋಲ್ಡರ್‌ಗೆ ಬರೆಯಲಾಗದು. ಶುರುವಿನಲ್ಲಿ ನಿಮ್ಮದೇ ಸಾಫ್ಟ್‌ವೇರನ್ನೂ ತಡೆದು ತಲೆ ತಿನ್ನುತ್ತದೆ. ಒಂದೊಂದಾಗಿ ಒಪ್ಪಿಗೆ ಕೊಡುತ್ತಾ ಹೋಗಿ. ಡಿಫೆಂಡರ್ ಮುಖ್ಯ ಆಂಟಿವೈರಸ್ ಆಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ನಿಮ್ಮಲ್ಲಿ ದುಡ್ಡು ಕೊಟ್ಟ ಬೇರೆಯದು ಇದೆಯಲ್ಲ, ಅದರಲ್ಲಿ ಇಂಥ ಕಾವಲು ಇದೆಯಾ ಅಂತ ಮಾರಿದವರನ್ನು ಕೇಳಿ. ಇನ್ನೂ ವಿಂಡೋಸ್ 10 ಇದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಡಳಿತ ಮಂಡಳಿ ಸಭೆಯಲ್ಲಿ ಮುಂದೂಡುವ ವಿಷಯ ಅದಲ್ಲ.

ಆಗಬಾರದ್ದು ಆದರೆ, ಸಂಸ್ಥೆಗಳು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ. ನಾಲ್ಕಾರು ಕಂಪ್ಯೂಟರ್ ಇರುವ ಕಡೆ ಆಫ್ ಮಾಡುವುದಕ್ಕಿಂತ ಕೇಬಲ್ ಕೀಳುವುದು ಒಳ್ಳೆಯದು, ಮೆಮೊರಿಯಲ್ಲಿ ಸಾಕ್ಷಿ ಉಳಿಯುತ್ತದೆ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು, ಕಣ್ಣೆದುರೇ ಹೆಸರುಗಳು ಬದಲಾಗುತ್ತಿದ್ದರೆ ಸ್ವಿಚ್ ತೆಗೆಯಿರಿ. ಸಾಕ್ಷಿಗಿಂತ ಫೋಟೋ ಮುಖ್ಯ.

ಪ್ರಶ್ನೆ: ಹೋಂಸ್ಟೇ ನಡೆಸುತ್ತೇವೆ. ಅತಿಥಿಗಳ ಬುಕಿಂಗ್ ಎಲ್ಲ ಹೋಗಿದೆ. ದುಡ್ಡು ಕೊಟ್ಟೇಬಿಡೋಣ ಅಂತ ನಮ್ಮವರು ಹೇಳುತ್ತಿದ್ದಾರೆ. – ಮಡಿಕೇರಿ

ಉತ್ತರ: ಬೇಡ. ಕೀ ಕೊಡುತ್ತಾರೆ ಅಂತ ಗ್ಯಾರಂಟಿ ಇಲ್ಲ. ಕೊಟ್ಟರೂ ಪೂರ್ತಿ ಬರುತ್ತದೆ ಅಂತಿಲ್ಲ. 2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ 75 ಬಿಟ್‌ಕಾಯಿನ್ ಕೊಟ್ಟು ಟೂಲ್ ಪಡೆಯಿತು. ಅದು ಎಷ್ಟು ನಿಧಾನವಾಗಿತ್ತೆಂದರೆ ಕಂಪನಿ ತನ್ನದೇ ಬ್ಯಾಕಪ್ ಹಿಡಿದು ಕೂತಿತು. ಬುಕಿಂಗ್‌ಗಳು ವೆಬ್‌ಸೈಟುಗಳಲ್ಲಿ, ಇಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಚದುರಿಕೊಂಡು ಇದ್ದೇ ಇರುತ್ತವೆ, ಕೂತು ಮತ್ತೆ ಬರೆದುಕೊಳ್ಳಿ. ಅತಿಥಿಗಳ ಆಧಾರ್ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಅದೇ ಕಂಪ್ಯೂಟರ್‌ನಲ್ಲಿ ಇಟ್ಟಿದ್ದರೆ ಅದು ಬುಕಿಂಗ್‌ಗಿಂತ ದೊಡ್ಡ ತಲೆನೋವು. ಅವರಿಗೆ ವಿಷಯ ತಿಳಿಸಿ. ದೂರಿಗೆ 1930ಕ್ಕೆ ಫೋನ್ ಮಾಡಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಬರೆಯಿರಿ. ಯಾವ ಜಾತಿ ಅಂತ ತಿಳಿಯಲು ನೋ ಮೋರ್ ರ‍್ಯಾನ್ಸಮ್ ತಾಣಕ್ಕೆ ಬೀಗ ಬಿದ್ದ ಒಂದು ಫೈಲು, ಒಂದು ಚೀಟಿ ಹಾಕಿ ನೋಡಿ. ಯೂರೋಪೋಲ್, ಡಚ್ ಪೊಲೀಸರು ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ಇವತ್ತು ಕೀ ಇಲ್ಲದಿದ್ದರೂ ಫೈಲುಗಳನ್ನು ಎತ್ತಿಡಿ. ಗ್ಯಾಂಗ್‌ಗಳು ಸಿಕ್ಕಿಬಿದ್ದಾಗ ಕೀಗಳು ಹೊರಬಂದದ್ದಿದೆ. 2013ರ ಕ್ರಿಪ್ಟೋಲಾಕರ್‌ನ ಕೀಗಳು ಮುಂದಿನ ವರ್ಷ ಸಿಕ್ಕವು.

ಪ್ರಶ್ನೆ: ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ. ನನಗೂ ಭಯ ಇದೆಯೇ? – ನಿವೃತ್ತ ಶಿಕ್ಷಕಿ, ನಾಪೋಕ್ಲು

ಉತ್ತರ: ಕಮ್ಮಿ, ಟೀಚರ್. ವಾಟ್ಸಾಪ್‌ನಲ್ಲಿ ಮದುವೆ ಕಾಗದ ಅಂತ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕುವ ಫೈಲು) ಬಂದರೆ ಒತ್ತಬೇಡಿ. ಅದು ಫೈಲಿಗೆ ಬೀಗ ಹಾಕುವುದಿಲ್ಲ, ನೇರ ಬ್ಯಾಂಕ್ ಖಾತೆಗೇ ಕೈ ಹಾಕುತ್ತದೆ. ಅದರ ಬಗ್ಗೆ ಬೇರೆ ಸಂಚಿಕೆಯಲ್ಲಿ ಬರೆಯುತ್ತೇನೆ.

ಓದುಗರಲ್ಲಿ ಒಂದು ವಿನಂತಿ. ಒಬ್ಬರು ಪತ್ರದ ಜೊತೆ ಲಕೋಟೆಯಲ್ಲಿ ಪೆನ್‌ಡ್ರೈವನ್ನೂ ಹಾಕಿ ಕಳಿಸಿದ್ದಾರೆ, "ಇದರಲ್ಲಿ ವೈರಸ್ ಇದೆ, ನೋಡಿ ಹೇಳಿ" ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಚೀಟಿಯಲ್ಲಿ ಏನು ಬರೆದಿದೆ, ಬಾಲದ ಅಕ್ಷರ ಯಾವುದು, ಇಷ್ಟು ಕಾಗದದಲ್ಲಿ ಬರೆದರೆ ಸಾಕು.